ಮಾವ ಹತ್ತಿದಾಗ ಮಾತ್ರ ಬರುವ ವಾಸನೆ

ನಮ್ಮ ಬೀದಿಯಲ್ಲಿ ಮೂಗು ಎಲ್ಲರಿಗೂ ಇದೆ. ಆದರೆ ಅದನ್ನೊಂದು ಆಸ್ತಿ ಎಂದು ನಂಬಿ ಬದುಕುತ್ತಿದ್ದವರು ಸೋಪಿನ ಸಾಹೇಬರೊಬ್ಬರೇ. ಅವರು ಊರಾಚೆಯ ಸೋಪು ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಬೀಗ ತೆಗೆಯುವುದು, ಪೆಟ್ಟಿಗೆಗಳನ್ನು ಗೋಡೆಗೆ ತಾಗದಂತೆ ಜೋಡಿಸುವುದು, ಸಂಜೆ ಬೀಗ ಹಾಕುವುದು, ಇಷ್ಟೇ ಕೆಲಸ. ಬೀದಿಗೆ ಬಂದ ಹೊಸತರಲ್ಲಿ ಯಾರೋ ಅವರನ್ನು, "ಸೋಪಿನ ವಾಸನೆ ಸರಿಯಾಗಿದೆಯಾ ಅಂತ ಮೂಸಿ ನೋಡೋರು ನೀವೇನಾ?" ಎಂದು ಕೇಳಿದ್ದರು. ಸಾಹೇಬರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮುಗುಳ್ನಕ್ಕು ಮೂಗಿನ ತುದಿಯನ್ನು ಒಮ್ಮೆ ಮುಟ್ಟಿಕೊಂಡರು. ಅಂದಿನಿಂದ ಬೀದಿಯ ಮಟ್ಟಿಗೆ ಅವರ ಮೂಗು ಸರ್ಕಾರಿ ಮುದ್ರೆಯಷ್ಟೇ ಅಧಿಕೃತವಾಯಿತು.

ಜನ ಹಾಲಿನ ಪಾತ್ರೆ ಹಿಡಿದು ಬರುತ್ತಿದ್ದರು, ಎಣ್ಣೆಯ ಡಬ್ಬಿ ಹಿಡಿದು ಬರುತ್ತಿದ್ದರು. ಸಾಹೇಬರು ಕಣ್ಣು ಮುಚ್ಚಿ, ಉಸಿರೆಳೆದು, ಸ್ವಲ್ಪ ಹೊತ್ತು ತಡೆದು ತೀರ್ಪು ಕೊಡುತ್ತಿದ್ದರು. "ಹಾಲು ಕೆಟ್ಟಿದೆ." ತೀರ್ಪು ಬಹುತೇಕ ಸರಿಯಾಗಿಯೇ ಇರುತ್ತಿತ್ತು, ಏಕೆಂದರೆ ಕೆಟ್ಟಿದೆ ಎಂದು ಅನುಮಾನ ಬಂದ ಮೇಲೆಯೇ ಜನ ಹಾಲನ್ನು ಅವರ ಬಳಿ ತರುತ್ತಿದ್ದದ್ದು. ಈ ಸೂಕ್ಷ್ಮವನ್ನು ಬೀದಿಯವರು ಗಮನಿಸಲಿಲ್ಲ. ಸಾಹೇಬರಂತೂ ಗಮನಿಸುವ ಗೋಜಿಗೇ ಹೋಗಲಿಲ್ಲ.

ಅವರ ಎರಡನೆಯ ಆಸ್ತಿ ಒಂದು ಕಾರು. ಬೇರೆಯವರು ಓಡಿಸಿ ಮಾರಿದ್ದನ್ನು ಕೊಂಡದ್ದು. ಅದರಲ್ಲಿ ಎಸಿ ಇತ್ತು. ಎಸಿ ಹಾಕಿದರೆ ಕಾರು ಪೆಟ್ರೋಲನ್ನು ಗಟಗಟನೆ ಕುಡಿಯುತ್ತದೆ ಎಂಬುದು ಸಾಹೇಬರ ನಂಬಿಕೆ. ಆದ್ದರಿಂದ ಗಾಜಿನ ಬೀರುವಿನಲ್ಲಿ ಇಡುವ ಒಳ್ಳೆಯ ಕಪ್ಪು-ಬಸಿಗಳ ಹಾಗೆ ಅದನ್ನೂ ಗೌರವಸ್ಥರಿಗೆಂದೇ ಕಾದಿರಿಸಿದ್ದರು. ತಾವೊಬ್ಬರೇ ಹೋಗುವಾಗ ಕಿಟಕಿ ಇಳಿಸುತ್ತಿದ್ದರು. ಹೆಂಡತಿ ಜೊತೆಗಿದ್ದರೂ ಅಷ್ಟೇ. ಬಿರುಬಿಸಿಲಿನಲ್ಲಿ ಆಕೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರೆ, "ಹೊರಗಿನ ಗಾಳಿ ಆರೋಗ್ಯಕ್ಕೆ ಒಳ್ಳೇದು ಕಣೇ" ಎಂದು ಬೋಧಿಸುತ್ತಿದ್ದರು. ಗೌರವಸ್ಥರು ಯಾರೂ ಆ ಕಾರು ಹತ್ತಿರಲಿಲ್ಲವಾದ್ದರಿಂದ ಎಸಿಯ ಗುಂಡಿ ಹೊಸದರಂತೆ ಹೊಳೆಯುತ್ತಿತ್ತು.

ಅಂಥದ್ದರಲ್ಲಿ ಮಾವ ಬಂದರು. ಸಾಹೇಬರ ಹೆಂಡತಿಯ ತಂದೆ. ಜೀವಮಾನವಿಡೀ ಹೊಲಿಗೆ ಯಂತ್ರ ತುಳಿದ ದರ್ಜಿ. ತುಳಿದು ತುಳಿದು ಮಂಡಿ ಸವೆದು ಹೋಗಿತ್ತು. ಪೇಟೆಯ ಫಿಸಿಯೋಥೆರಪಿಯವರು ದಿನಾ ಬಂದು ವ್ಯಾಯಾಮ ಮಾಡಿದರೆ ಕೋಲಿಲ್ಲದೆ ನಡೆಯಬಹುದು ಎಂದಿದ್ದರಿಂದ ಮಗಳ ಮನೆಗೆ ಬಂದಿದ್ದರು. ಇಸ್ತ್ರಿ ಮಾಡಿದ ಶರ್ಟು, ಕತ್ತಿನವರೆಗೆ ಹಾಕಿದ ಗುಂಡಿ, ಮೃದುವಾದ ಮಾತು. ಅಳಿಯನನ್ನು ಬಹುವಚನದಲ್ಲೇ ಕರೆಯುವವರು.

ಬಸ್ ನಿಲ್ದಾಣದಿಂದ ಅವರನ್ನು ಕರೆತರುವಾಗ ಸಾಹೇಬರು ಘನತೆಯಿಂದ ಕಿಟಕಿಗಳನ್ನು ಏರಿಸಿದರು. ಮಾವನ ಕಡೆ ಒಮ್ಮೆ ನೋಡಿ, ಎಸಿಯ ಗುಂಡಿ ಒತ್ತಿದರು. ತಂಪು ಬಂತು. ತಂಪಿನ ಬೆನ್ನಿಗೇ ಒಂದು ವಾಸನೆಯೂ ಬಂತು. ಒದ್ದೆ ಗೋಣಿಚೀಲವನ್ನು ಮೂಲೆಯಲ್ಲಿ ಮುದ್ದೆ ಮಾಡಿ ಮರೆತರೆ ಬರುತ್ತದಲ್ಲ, ಅಂಥದ್ದು, ಜೊತೆಗೆ ಸ್ವಲ್ಪ ಹುಳಿ.

ಓದುಗರಿಗೆ ವಿಷಯ ಆಗಲೇ ಗೊತ್ತಾಗಿರಬಹುದು. ಆದರೆ ಓದುಗರ ತಲೆಯ ಮೇಲೆ ಖ್ಯಾತ ಮೂಗೊಂದರ ಭಾರವಿಲ್ಲ. ಸಾಹೇಬರು ಕಣ್ಣಂಚಿನಲ್ಲೇ ಮಾವನನ್ನು ನೋಡಿದರು. ಮಾವ ಮುಂದೆ ನೋಡುತ್ತ ಗಂಭೀರವಾಗಿ ಕೂತಿದ್ದರು. ಆ ಗಾಂಭೀರ್ಯವೇ ಸಾಹೇಬರಿಗೆ ತಪ್ಪೊಪ್ಪಿಗೆಯಂತೆ ಕಂಡಿತು.

ಅವರು ಆತುರಪಡಲಿಲ್ಲ. ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡಿದರು. ಮರುದಿನ ಒಬ್ಬರೇ ಕಾರ್ಖಾನೆಗೆ ಹೋದರು, ಕಿಟಕಿ ಇಳಿಸಿಕೊಂಡು. ವಾಸನೆ ಇಲ್ಲ. ಹೆಂಡತಿಯನ್ನು ತರಕಾರಿಗೆ ಕರೆದೊಯ್ದರು, ಕಿಟಕಿ ಇಳಿಸಿಕೊಂಡು. ವಾಸನೆ ಇಲ್ಲ. ಸಂಜೆ ಮಾವನನ್ನು ವ್ಯಾಯಾಮಕ್ಕೆ ಕರೆದೊಯ್ದರು, ಹಿರಿಯರೆಂದು ಎಸಿ ಹಾಕಿಕೊಂಡು. ಘಮ್ಮೆಂದಿತು. ಇನ್ನು ಸಂಶಯವೆಲ್ಲಿಯದು? ಮಾವ ಹತ್ತಿದರೆ ಉಂಟು, ಇಳಿದರೆ ಇಲ್ಲ. ಪುರಾವೆ ಇಷ್ಟು ಸ್ಪಷ್ಟವಾಗಿ ಸಿಗುವುದು ನ್ಯಾಯಾಲಯಗಳಲ್ಲೂ ಅಪರೂಪ.

ಅಡುಗೆಮನೆಯಲ್ಲಿ ಹೆಂಡತಿಯ ಬಳಿ ಗಂಟಲು ಸರಿಪಡಿಸಿಕೊಂಡರು.

"ಒಂದು ಮಾತು ಹೇಳ್ತೀನಿ. ಬೇಜಾರು ಮಾಡ್ಕೋಬಾರ್ದು."

"ಬೇಜಾರಾಗೋ ಮಾತಾದ್ರೆ ಬೇಜಾರು ಮಾಡ್ಕೋತೀನಿ. ಹೇಳಿ."

"ಮಾವನವರ ಹತ್ರ ಒಂಥರಾ ವಾಸನೆ ಬರುತ್ತೆ ಕಣೇ."

ಹೆಂಡತಿ ಸೌಟನ್ನು ನಿಧಾನವಾಗಿ ಕೆಳಗಿಟ್ಟಳು. "ನಮ್ಮಪ್ಪ ದಿನಾ ಎದ್ದ ತಕ್ಷಣ ಸ್ನಾನ ಮಾಡೋರು. ಭಾನುವಾರ ಮಧ್ಯಾಹ್ನದವರೆಗೆ ಹಲ್ಲುಜ್ಜದೆ ಪೇಪರ್ ಓದೋರು ಯಾರು?"

"ಅದು ಬೇರೆ ವಿಷಯ. ಮನೇಲಿ ಗೊತ್ತಾಗಲ್ಲ. ಕಾರಲ್ಲಿ ಗೊತ್ತಾಗುತ್ತೆ. ನನ್ನ ಮೂಗು ಸುಳ್ಳು ಹೇಳಲ್ಲ."

"ನಿಮ್ಮ ಮೂಗಿಗೆ ಬೇರೆ ಕೆಲಸ ಇಲ್ಲ" ಎಂದವಳು ಮರುದಿನ ತಾನೂ ಹಿಂದಿನ ಸೀಟಿನಲ್ಲಿ ಕೂತು ಹೊರಟಳು, ಗಂಡನ ಮೂಗಿಗೆ ಬುದ್ಧಿ ಕಲಿಸಲೆಂದು. ಅಪ್ಪ ಮುಂದೆ ಕೂತರು. ಕಿಟಕಿ ಏರಿತು, ಗುಂಡಿ ಒತ್ತಲಾಯಿತು. ವಾಪಸು ಬಂದಾಗ ಅವಳ ಮುಖ ಬಾಡಿಹೋಗಿತ್ತು. ಯಾವ ಮಗಳಿಗೆ ತಾನೇ ಇಂಥ ಸೋಲು ಸಹ್ಯವಾದೀತು? "ಮಂಡಿಗೆ ಹಚ್ಚೋ ಎಣ್ಣೆ ಇರ್ಬೇಕು" ಎಂದಳು ಮೆಲ್ಲಗೆ.

ಎಣ್ಣೆ ಬದಲಾಯಿತು. ವಾಸನೆ ಬದಲಾಗಲಿಲ್ಲ. ಮಾವನ ಶೂಗಳು ಕಾಂಪೌಂಡ್ ಗೋಡೆಯ ಮೇಲೆ ಬಿಸಿಲಿಗೆ ಬಂದವು. ಕಾಲುಚೀಲಗಳು ಬಿಸಿನೀರಿನಲ್ಲಿ ಕುದ್ದವು. ಆಗತಾನೇ ಒಗೆದು ಮಡಿಚಿಟ್ಟ ಶರ್ಟುಗಳು ಮತ್ತೆ ಬಕೆಟ್ಟಿಗೆ ಬಿದ್ದವು. "ಅದನ್ನ ನಿನ್ನೆ ತಾನೇ ಒಗೆದೆಯಲ್ಲಮ್ಮ" ಎಂದು ಮಾವ ಕೇಳಿದರೆ, "ಧೂಳು ಜಾಸ್ತಿ ಅಪ್ಪ ಇಲ್ಲಿ" ಎಂದು ಮಗಳು ಮುಖ ತಿರುಗಿಸಿದಳು. ಸಾಹೇಬರು ತಮ್ಮ ಪಾಲಿನದಾಗಿ ಕಾರಿನಲ್ಲಿ ಮಲ್ಲಿಗೆಯ ಪರಿಮಳದ ಒಂದು ಡಬ್ಬಿ, ನಿಂಬೆಯ ಪರಿಮಳದ ಇನ್ನೊಂದು ಡಬ್ಬಿ ತೂಗುಹಾಕಿದರು. ಸೀಟಿನ ಕೆಳಗೆ ಬಟ್ಟಲಲ್ಲಿ ಕಾಫಿಪುಡಿ ಇಟ್ಟರು, ವಾಸನೆ ಹೀರುತ್ತದೆ ಎಂದು ಎಲ್ಲೋ ಕೇಳಿದ್ದರು. ಮೊದಲ ತಿರುವಿನಲ್ಲೇ ಬಟ್ಟಲು ಮಗುಚಿತು. ಈಗ ಕಾರಿನಲ್ಲಿ ಒದ್ದೆ ಗೋಣಿಚೀಲ, ಮಲ್ಲಿಗೆ, ನಿಂಬೆ, ಕಾಫಿ ಎಲ್ಲವೂ ಸೇರಿ ಬರತೊಡಗಿತು. ಮಾವ ದಾರಿಯುದ್ದಕ್ಕೂ ಸೀನಿದರು. ಸೀನಿದಾಗಲೆಲ್ಲ ಅಳಿಯನ ಕ್ಷಮೆ ಕೇಳಿದರು.

ಎದುರು ಮನೆಯಲ್ಲಿ ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ ಇದ್ದರು. ಆಸ್ಪತ್ರೆ ಅವರನ್ನು ಬಿಟ್ಟಿತ್ತು, ಅವರು ರೋಗಿಗಳನ್ನು ಬಿಟ್ಟಿರಲಿಲ್ಲ. ಗೋಡೆಯ ಮೇಲೆ ದಿನಾ ಶೂ ಒಣಗುವುದನ್ನು ನೋಡಿ ಗೇಟಿನ ಬಳಿ ಸಾಹೇಬರನ್ನು ಹಿಡಿದರು. ಯಾರಿಗೂ ಹೇಳಬಾರದು ಎಂಬ ಕರಾರಿನ ಮೇಲೆ ಸಾಹೇಬರು ಹೇಳಿದರು. ಈ ಕರಾರಿನ ಮೇಲೆ ಹೇಳಿದ ಮಾತು ಎಷ್ಟು ದೂರ ಹೋಗುತ್ತದೆಂಬುದು ಎಲ್ಲರಿಗೂ ತಿಳಿದದ್ದೇ.

"ಒಳಗಿನಿಂದ ಬರೋ ವಾಸನೆ ಇದ್ರೆ ಹುಡುಗಾಟ ಅಲ್ಲ" ಎಂದರು ನರ್ಸಮ್ಮ. "ಲಿವರ್ರೋ, ಕಿಡ್ನಿಯೋ, ಹೊಟ್ಟೆಯೋ. ಯಾವುದಕ್ಕೂ ನಾನೊಂದ್ಸಲ ನೋಡ್ತೀನಿ."

ರಕ್ತದೊತ್ತಡ ನೋಡುವ ಪಟ್ಟಿ ಹಿಡಿದು ಬಂದು ಮಾವನನ್ನು ಕುರ್ಚಿಯಲ್ಲಿ ಕೂರಿಸಿದರು. ನಾಲಿಗೆ ಚಾಚಿಸಿದರು. ಮುಖವನ್ನು ಹತ್ತಿರ ತಂದು, "ಹಾ ಅನ್ನಿ ಯಜಮಾನ್ರೇ" ಎಂದರು.

ಮಾವ ಹಾ ಎಂದರು. "ಮಂಡಿಗೂ ಬಾಯಿಗೂ ಸಂಬಂಧ ಇದೆಯೇನಮ್ಮ?"

"ದೇಹದಲ್ಲಿ ಎಲ್ಲಕ್ಕೂ ಎಲ್ಲದರ ಸಂಬಂಧ ಇರುತ್ತೆ. ಇನ್ನೊಂದ್ಸಲ, ಜೋರಾಗಿ."

ನರ್ಸಮ್ಮನಿಗೆ ಏನೂ ಸಿಗಲಿಲ್ಲ. ಏನೂ ಸಿಗದಿರುವುದೇ ಹೆಚ್ಚು ಅಪಾಯದ ಲಕ್ಷಣ ಎಂದು ಅವರು ಸಾಹೇಬರ ಕಿವಿಯಲ್ಲಿ ಹೇಳಿದರು. ಮುಂದಿನ ದಿನಗಳಲ್ಲಿ ಮಾವ ಸಂಜೆ ಗೇಟಿನ ಹತ್ತಿರ ನಿಂತರೆ ಬೀದಿಯವರು ದೂರದಿಂದಲೇ ಕ್ಷೇಮ ವಿಚಾರಿಸತೊಡಗಿದರು. ಮೊದಲೆಲ್ಲ ಹೆಗಲ ಮೇಲೆ ಕೈಯಿಟ್ಟು ಮಾತಾಡುತ್ತಿದ್ದ ಪಕ್ಕದ ಮನೆಯ ನಿವೃತ್ತ ಗುಮಾಸ್ತರು ಈಗ ಗೋಡೆಯ ಆಚೆಯಿಂದಲೇ ಕೂಗಿ, "ಆರಾಮಾ?" ಎನ್ನುತ್ತಿದ್ದರು. ಮಾವ ತಲೆಯಾಡಿಸುತ್ತಿದ್ದರು. ಅವರ ಮುಖದಲ್ಲಿ ಏನೋ ಹುಡುಕುತ್ತಿರುವವರ ಭಾವ ಬಂದಿತ್ತು, ಆದರೆ ಏನೆಂದು ಅವರು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಇಲ್ಲಿಗೆ ನಿಂತಿದ್ದರೂ ಸಾಕಾಗಿತ್ತು. ಆದರೆ ಒಂದು ಸಂಜೆ ಕಾರ್ಖಾನೆಯ ಮ್ಯಾನೇಜರ್ ಅವರ ಕಾರು ಕೆಟ್ಟಿತು. ಮ್ಯಾನೇಜರ್ ಒಳ್ಳೆಯವರು, ಯಾರ ಕಷ್ಟ ಕೇಳಿದರೂ ತಕ್ಷಣ ಏನಾದರೂ ಮಾಡಬೇಕೆನ್ನುವವರು. ಇಂಥ ಒಳ್ಳೆಯವರಿಂದ ಆಗುವ ಅನಾಹುತಕ್ಕೆ ಲೆಕ್ಕವಿಲ್ಲ. ಸಾಹೇಬರು ಓಡಿಹೋಗಿ ತಮ್ಮ ಕಾರಿನ ಬಾಗಿಲು ತೆರೆದರು. ಮಾವನಿಗಿಂತ ಗೌರವಸ್ಥರು ಇವರು, ಆದ್ದರಿಂದ ಕಿಟಕಿ ಏರಿಸಿ ಎಸಿಯನ್ನು ತುದಿಯವರೆಗೆ ತಿರುಗಿಸಿದರು.

ಮ್ಯಾನೇಜರ್ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಮುಖ ಒರೆಸಿದ ಕರವಸ್ತ್ರ ಮೂಗಿನ ಮೇಲೇ ನಿಂತಿತು.

ಸಾಹೇಬರಿಗೆ ಜೀವ ಹಾರಿದಂತಾಯಿತು. "ಸಾರ್, ಅದು ನಂದಲ್ಲ. ನಮ್ಮ ಮಾವನವರದು. ದಿನಾ ಅವರು ಆ ಸೀಟಲ್ಲೇ ಕೂರೋದು."

ಮ್ಯಾನೇಜರ್ ಸೀಟಿನಿಂದ ತುಸು ಮೇಲೆದ್ದು ಮತ್ತೆ ಕೂತರು. "ಪಾಪ. ಏನು ಕಾಯಿಲೆ?"

"ಗೊತ್ತಾಗ್ತಿಲ್ಲ ಸಾರ್. ನರ್ಸು ಕೂಡ ಕೈ ಚೆಲ್ಲಿದಾರೆ."

ಇಲ್ಲಿಯಾದರೂ ಸಾಹೇಬರಿಗೆ ಹೊಳೆಯಬೇಕಿತ್ತು. ಮಾವ ಮನೆಯಲ್ಲಿದ್ದಾರೆ, ವಾಸನೆ ಇಲ್ಲಿದೆ. ಹೊಳೆಯಿತು ಕೂಡ. ವಾಸನೆ ಸೀಟಿಗೇ ಹತ್ತಿಬಿಟ್ಟಿದೆ ಎಂದು ಹೊಳೆಯಿತು. ಮನೆಗೆ ಬಂದು ಅದನ್ನು ಹೆಂಡತಿಗೂ ಹೇಳಿದರು. ಮಾವ ಪಕ್ಕದ ಕೋಣೆಯಲ್ಲಿ ರೇಡಿಯೋ ಕೇಳುತ್ತಿದ್ದರು. ರೇಡಿಯೋದ ದನಿ ಇದ್ದಕ್ಕಿದ್ದಂತೆ ತಗ್ಗಿದ್ದನ್ನು ಇಬ್ಬರೂ ಗಮನಿಸಲಿಲ್ಲ.

ಭಾನುವಾರ ಬೆಳಿಗ್ಗೆ ಕಾರ್ಖಾನೆಯ ವ್ಯಾನು ಬಂದು ಮನೆಯ ಮುಂದೆ ನಿಂತಿತು. ಬೀದಿಯವರೆಲ್ಲ ಹೊರಗಿದ್ದ ಹೊತ್ತು. ನರ್ಸಮ್ಮ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದರು, ಗುಮಾಸ್ತರು ಗಿಡಕ್ಕೆ ನೀರು ಹಾಕುತ್ತಿದ್ದರು, ಸಾಹೇಬರು ಮೆಟ್ಟಿಲ ಮೇಲೆ ಪೇಪರ್ ಹಿಡಿದು ಕೂತಿದ್ದರು. ಮಾವ ಜಗಲಿಯ ಕುರ್ಚಿಯಲ್ಲಿದ್ದರು. ವ್ಯಾನಿನ ಡ್ರೈವರ್ ಹೆಗಲ ಮೇಲೆ ದೊಡ್ಡ ಪೆಟ್ಟಿಗೆ ಹೊತ್ತು ಗೇಟು ತಳ್ಳಿದ. ಆಸ್ಪತ್ರೆಗಳಿಗೆ ಹೋಗುವ ಸೋಪಿನ ಪೆಟ್ಟಿಗೆ ಅದು. ಸಾಹೇಬರಿಗೆ ನೋಡಿದ ಕೂಡಲೇ ಗುರುತು ಸಿಕ್ಕಿತು, ಅವರ ಉಗ್ರಾಣದ್ದೇ.

"ಇಲ್ಲಿ ವಾಸನೆ ಬರೋ ಹಿರಿಯರು ಯಾರು?" ಡ್ರೈವರ್ ಯಾರಿಗೂ ಕೇಳಿಸದೆ ಹೋಗದಂತೆ ಕೇಳಿದ. "ಮ್ಯಾನೇಜರ್ ಸಾಹೇಬ್ರು ಅವರಿಗೆ ಅಂತ ಕಳಿಸಿದಾರೆ. ಮೈಗೆಲ್ಲಾ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೀಬೇಕಂತೆ."

ಬಾಲ್ಕನಿಯಲ್ಲಿ ಬಟ್ಟೆ ಹರವುವುದು ನಿಂತಿತು. ಗುಮಾಸ್ತರ ಕೊಳವೆಯ ನೀರು ಗಿಡ ಬಿಟ್ಟು ಅವರ ಕಾಲ ಮೇಲೇ ಹರಿಯಿತು. ಸಾಹೇಬರು ಪೇಪರನ್ನು ಮುಖದವರೆಗೆ ಏರಿಸಿದರು.

ಮಾವ ಗೋಡೆಯ ಮೇಲೆ ಒಣಗುತ್ತಿದ್ದ ತಮ್ಮ ಶೂಗಳನ್ನು ನೋಡಿದರು. ನರ್ಸಮ್ಮನನ್ನು ನೋಡಿದರು. ಕೊನೆಗೆ ಅಳಿಯನ ಪೇಪರನ್ನು ನೋಡಿದರು. ಕೋಲು ಊರಿ ನಿಧಾನವಾಗಿ ಎದ್ದು ನಿಂತರು.

"ನಾನೇ ಕಣಪ್ಪ" ಎಂದರು. "ಇಲ್ಲಿಡು."

ಪೇಪರಿನ ಹಿಂದೆ ಸಾಹೇಬರಿಗೆ ನಾಚಿಕೆಯಾಯಿತು. ಕಿವಿಯ ತುದಿಯವರೆಗೂ ಆಯಿತು. ಆದರೆ ಆ ನಾಚಿಕೆ ಇನ್ನೂ ಅರ್ಧದಾರಿಯದು. ನಿಜವನ್ನು ಇಷ್ಟು ಬಹಿರಂಗವಾಗಿ ಹೇಳಿಸಿಬಿಟ್ಟೆನಲ್ಲ ಎಂದಷ್ಟೇ ಅವರು ನೊಂದುಕೊಂಡರು. ಹೇಳಿದ್ದು ನಿಜವೇ ಅಲ್ಲ ಎಂಬುದು ಅವರಿಗಿನ್ನೂ ತಿಳಿದಿರಲಿಲ್ಲ.

ಮಾವ ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ನೀರು ಸುರಿಯುವ ಸದ್ದು, ನಿಲ್ಲುವ ಸದ್ದು, ಮತ್ತೆ ಸುರಿಯುವ ಸದ್ದು. ಹೊರಬಂದಾಗ ಇಡೀ ಮನೆ ಆಸ್ಪತ್ರೆಯ ವಾರ್ಡಿನ ಹಾಗೆ ನಾರಿತು. ಮೈಯೆಲ್ಲ ಉಜ್ಜಿ ಉಜ್ಜಿ ಕೆಂಪಾಗಿತ್ತು. ತಮ್ಮ ಬ್ಯಾಗನ್ನು ತೆಗೆದು ಶರ್ಟುಗಳನ್ನು ಒಂದೊಂದಾಗಿ ಮಡಿಚತೊಡಗಿದರು.

"ಅಪ್ಪ, ವ್ಯಾಯಾಮ ಇನ್ನೂ ಮುಗಿದಿಲ್ಲ" ಎಂದಳು ಮಗಳು.

"ಮಂಡಿ ವಾಸಿಯಾಯ್ತಮ್ಮ. ನೋಡು." ಕಾಲನ್ನು ಮಡಿಸಿ ತೋರಿಸಿದರು. ತೋರಿಸುವಾಗ ಬಾಯಿ ಬಿಗಿಹಿಡಿದಿದ್ದರಿಂದ ಮುಂದಿನ ಮಾತು ಸ್ವಲ್ಪ ತಡವಾಗಿ ಬಂತು. "ನನ್ನಿಂದ ನಿಮ್ಮಿಬ್ಬರಿಗೂ ತೊಂದರೆ ಆಯ್ತು. ಮೊದಲೇ ಹೇಳಿದ್ರೆ ನಾನೇ ದೂರ ಇರ್ತಿದ್ದೆ."

ಮಗಳು ಕಣ್ಣೀರು ಹಾಕುತ್ತ ಗಂಡನ ಕಡೆ ತಿರುಗಿದಳು. "ಕೂತು ನೋಡ್ತಿದೀರಲ್ಲ. ತಡೀರಿ ಅವರನ್ನ. ನಿಮ್ಮ ಮೂಗಿಂದ ನಮ್ಮಪ್ಪ ಮನೆ ಬಿಟ್ಟು ಹೋಗ್ತಿದಾರೆ."

ಸಾಹೇಬರು ಎದ್ದು ಬ್ಯಾಗಿನ ಹಿಡಿ ಹಿಡಿದರು, ಮಾವ ಬಿಡಲಿಲ್ಲ. ಕೊನೆಗೆ, "ಬಸ್ ನಿಲ್ದಾಣದವರೆಗಾದ್ರೂ ನಾನು ಬಿಡ್ತೀನಿ ಮಾವ" ಎಂದರು.

ಮಾವ ಕಾರಿನವರೆಗೆ ಬಂದರು. ಬ್ಯಾಗನ್ನು ಹಿಂದಿನ ಸೀಟಿನಲ್ಲಿಟ್ಟು ಬಾಗಿಲು ಮುಚ್ಚಿದರು. "ಬ್ಯಾಗು ಬರ್ಲಿ ಅಳಿಯಂದಿರೇ. ನಾನು ನಡ್ಕೊಂಡು ಬರ್ತೀನಿ. ಸುಮ್ನೆ ಯಾಕೆ ಸೀಟಿಗೆ ವಾಸನೆ ಹತ್ತಿಸೋದು."

ಪಕ್ಕದ ಕೋಣೆಯಿಂದ ಅವರು ಎಲ್ಲ ಕೇಳಿಸಿಕೊಂಡಿದ್ದರೆಂದು ಸಾಹೇಬರಿಗೆ ಆಗ ಗೊತ್ತಾಯಿತು. ಎಷ್ಟು ಬೇಡಿಕೊಂಡರೂ ಮಾವ ಹತ್ತಲಿಲ್ಲ. ಕೋಲು ಊರಿಕೊಂಡು ರಸ್ತೆಯ ಅಂಚಿನಲ್ಲಿ ನಡೆಯತೊಡಗಿದರು. ಸಾಹೇಬರು ಪಕ್ಕದಲ್ಲೇ ಕಾರನ್ನು ತೆವಳಿಸಿಕೊಂಡು ಹೊರಟರು. ಅಳಿಯ ಕಾರಿನಲ್ಲಿ, ಮಂಡಿ ನೋವಿನ ಮಾವ ಕಾಲ್ನಡಿಗೆಯಲ್ಲಿ. ಬೀದಿಯ ಎರಡೂ ಕಡೆಯ ಗೇಟುಗಳಲ್ಲಿ ತಲೆಗಳು ಕಾಣಿಸಿಕೊಂಡವು. "ಹುಷಾರಾಗಿ ಹೋಗಿ ಬನ್ನಿ" ಎಂದರು ಗುಮಾಸ್ತರು, ಗೋಡೆಯ ಆಚೆಯಿಂದಲೇ.

ಆ ಕಣ್ಣುಗಳನ್ನು ಎದುರಿಸಲಾರದೆ ಸಾಹೇಬರು ಕಿಟಕಿಗಳನ್ನೆಲ್ಲ ಏರಿಸಿಬಿಟ್ಟರು. ಬಿಸಿಲು ಚುರುಗುಟ್ಟುತ್ತಿತ್ತು. ಮುಚ್ಚಿದ ಕಾರಿನಲ್ಲಿ ಉಸಿರು ಕಟ್ಟಿತು, ಬೆವರು ಕಣ್ಣಿಗಿಳಿಯಿತು. ಜೀವನದಲ್ಲಿ ಮೊದಲ ಸಲ, ಯಾವ ಗೌರವಸ್ಥರೂ ಪಕ್ಕದಲ್ಲಿಲ್ಲದೆ, ತಮಗೋಸ್ಕರ ಅವರು ಎಸಿಯ ಗುಂಡಿ ಒತ್ತಿದರು.

ಒದ್ದೆ ಗೋಣಿಚೀಲ ಬಂತು.

ಸಾಹೇಬರು ಕಿಟಕಿಯಿಂದ ಹೊರಗೆ ನೋಡಿದರು. ಮಾವ ಹೊರಗೆ ನಡೆಯುತ್ತಿದ್ದರು. ವಾಸನೆ ಒಳಗೆ, ಮಾವ ಹೊರಗೆ. ಸೀಟಿಗೆ ಹತ್ತಿದ ಹಳೆಯ ವಾಸನೆ ಇಷ್ಟು ತಾಜಾ ಇರಲು ಸಾಧ್ಯವಿಲ್ಲ. ಆಮೇಲೆ ಥಟ್ಟನೆ ಹೊಳೆಯಿತು, ಬ್ಯಾಗು. ಕಾರು ನಿಲ್ಲಿಸಿ ಬ್ಯಾಗನ್ನು ಬಾನೆಟ್ಟಿನ ಮೇಲಿಟ್ಟು ಜಿಪ್ಪು ಎಳೆದರು. ಶರ್ಟುಗಳನ್ನು ಒಂದೊಂದಾಗಿ ಮೂಸಿದರು. ಪಂಚೆ ಮೂಸಿದರು. ಕನ್ನಡಕದ ಡಬ್ಬಿಯನ್ನೂ ಬಿಡಲಿಲ್ಲ. ಇಸ್ತ್ರಿಯ ವಾಸನೆ, ಸೋಪಿನ ವಾಸನೆ, ಅಷ್ಟೇ.

ಮಾವ ದಾರಿಬದಿಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಅವರ ಮುಖ ಬಿಳಿಚಿಕೊಂಡಿತು.

"ಅದರಲ್ಲಿ ನಿಮ್ಮನೇದು ಏನೂ ಇಲ್ಲ ಅಳಿಯಂದಿರೇ" ಎಂದರು. "ಬೇಕಾದ್ರೆ ಪೂರ್ತಿ ಸುರಿದು ನೋಡಿ."

ಸಾಹೇಬರ ಕೈಯಲ್ಲಿದ್ದ ಶರ್ಟು ಹಾಗೇ ನಿಂತಿತು. ವಾಸನೆಯವರೆಂದು ಹೆಸರಿಟ್ಟದ್ದು ಸಾಲದೆ, ಈಗ ನಡುಬೀದಿಯಲ್ಲಿ ಕಳ್ಳರೆಂದು ತಪಾಸಣೆ ಮಾಡಿದಂತಾಯಿತು. ನೆಲ ಬಾಯ್ಬಿಟ್ಟು ನುಂಗಬಾರದೇ ಅನ್ನಿಸಿತು. ಅಲ್ಲಿಂದ ತಪ್ಪಿಸಿಕೊಳ್ಳಲೆಂದೇ ಅವರು ಕಾರಿನೊಳಗೆ ತಲೆ ಹಾಕಿದರು. ಎಸಿ ಇನ್ನೂ ಓಡುತ್ತಿತ್ತು. ಗಾಳಿ ಬರುವ ಜಾಲರಿ ನೇರವಾಗಿ ಅವರ ಮೂಗಿನ ಎದುರಿಗೆ ಬಂತು. ಆ ಖ್ಯಾತ ಮೂಗಿನ ಎದುರಿಗೆ, ಗೇಣೂ ದೂರವಿಲ್ಲದೆ.

ಗುಂಡಿ ಆರಿಸಿದರು. ಕಿಟಕಿ ಇಳಿಸಿದರು, ಕಾದರು. ವಾಸನೆ ಹೋಯಿತು. ಗುಂಡಿ ಒತ್ತಿದರು. ಬಂತು. ಇದನ್ನು ಅವರು ಮತ್ತೆ ಮತ್ತೆ ಮಾಡಿದರು. ಮೊದಲ ಸಲವೇ ಅರ್ಥವಾಗಿತ್ತು, ಆದರೆ ಹೊರಗೆ ಬಂದು ಮಾವನ ಮುಖ ನೋಡಲು ಧೈರ್ಯ ಬೇಕಲ್ಲ.

ಕೊನೆಗೆ ಬಂದು ಕಟ್ಟೆಯ ಮುಂದೆ ನಿಂತರು. "ಮಾವ, ಎಸಿ."

"ಏನಾಯ್ತದಕ್ಕೆ?"

"ವಾಸನೆ ಅದರಿಂದ. ನಿಮ್ಮದಲ್ಲ. ಯಾವತ್ತೂ ನಿಮ್ಮದಲ್ಲ. ನೀವು ಹತ್ತಿದಾಗ ಮಾತ್ರ ನಾನು ಅದನ್ನ ಹಾಕ್ತಿದ್ದೆ. ಮರ್ಯಾದೆಗೆ ಅಂತ."

ಮಾವ ಮಂಡಿ ಸವರಿಕೊಂಡರು. "ನನಗೋಸ್ಕರ ಹಾಕ್ತಿದ್ರಾ? ತಣ್ಣಗಾದ್ರೆ ನನ್ನ ಮಂಡಿ ಹಿಡ್ಕೊಳ್ಳುತ್ತೆ. ನಿಮಗೆ ಸೆಖೆ ತಡೆಯಲ್ವೇನೋ ಅಂತ ಸುಮ್ನಿದ್ದೆ."

ಅಷ್ಟರಲ್ಲಿ ನರ್ಸಮ್ಮ ದಾಪುಗಾಲು ಹಾಕುತ್ತ ಬಂದರು, ಕೈಯಲ್ಲಿ ಆ ಪಟ್ಟಿ. ಹಿಂದೆ ಗುಮಾಸ್ತರು. "ಯಜಮಾನ್ರಿಗೆ ತಲೆ ಸುತ್ತಿತಾ? ನಾನು ಮೊದ್ಲೇ ಹೇಳಿದ್ದೆ."

"ಅವರಿಗೇನೂ ಆಗಿಲ್ಲ" ಎಂದರು ಸಾಹೇಬರು. "ವಾಸನೆ ಕಾರಿಂದು. ಎಸಿಯಿಂದ ಬರ್ತಿತ್ತು. ಮಾವನವರದು ಅಂತ ನಾನು ಸುಳ್ಳು ಹಬ್ಬಿಸಿದೆ."

ನರ್ಸಮ್ಮ ಕಾರಿನೊಳಗೆ ಬಗ್ಗಿ ಮೂಸಿ, ಮುಖ ಕಿವುಚಿಕೊಂಡು ಹೊರಬಂದರು. "ಇದು ಗೊತ್ತಾಗಲಿಲ್ವಾ ನಿಮಗೆ? ಮೂಗಿನ ಕೆಲಸ ಮಾಡೋರು ಹೇಳಿದ್ರು ಅಂತ ಅಲ್ವಾ ನಾವೆಲ್ಲ ನಂಬಿದ್ದು?"

"ನಾನು ಮೂಗಿನ ಕೆಲಸ ಮಾಡಲ್ಲ ನರ್ಸಮ್ಮ. ಉಗ್ರಾಣದ ಬೀಗ ತೆಗೀತೀನಿ, ಹಾಕ್ತೀನಿ. ಅಷ್ಟೇ ನನ್ನ ಕೆಲಸ."

ಗುಮಾಸ್ತರಿಗೆ ತಾವು ಅವರ ಮಾತು ಕೇಳಿ ಚೆಲ್ಲಿದ ಎಣ್ಣೆಯೆಲ್ಲ ನೆನಪಾಗಿರಬೇಕು, ಅವರು ಸಾಹೇಬರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆಮೇಲೆ ಮಾವನ ಹತ್ತಿರ ಹೋಗಿ ಪಕ್ಕದಲ್ಲಿ ಕೂತು, ಹೆಗಲ ಮೇಲೆ ಕೈಯಿಟ್ಟರು. ಮಾವ ಅಭ್ಯಾಸಬಲದಿಂದ ತುಸು ಆಚೆ ಸರಿದರು.

ಅಳಿಯನೇ ಮುಂದಿನ ಬಾಗಿಲು ತೆರೆದು ಮಾವನನ್ನು ಕೈಹಿಡಿದು ಕೂರಿಸಿದರು. ಕಿಟಕಿಗಳೆಲ್ಲ ತೆರೆದಿದ್ದವು. ಕಾರು ಬಸ್ ನಿಲ್ದಾಣದ ಕಡೆ ಹೋಗದೆ ಗ್ಯಾರೇಜಿನ ಕಡೆ ತಿರುಗಿತು. ಮಾವ ಬೇಡವೆನ್ನಲಿಲ್ಲ.

ಮೆಕ್ಯಾನಿಕ್ ಮುಂಭಾಗದ ಖಾನೆಯನ್ನು ಕಳಚಿ, ಅದರ ಹಿಂದಿನಿಂದ ಕಪ್ಪಗೆ ಬೂಷ್ಟು ಹಿಡಿದ ಒಂದು ಚೌಕಾಕಾರದ ವಸ್ತುವನ್ನು ಎರಡೇ ಬೆರಳಲ್ಲಿ ಎಳೆದು ತೆಗೆದ. ಎಲೆಯ ಚೂರು, ಸತ್ತ ಹುಳು, ತೇವ, ಎಲ್ಲವೂ ಅದರಲ್ಲಿತ್ತು.

"ಈ ಫಿಲ್ಟರ್ ಯಾವಾಗ ಬದಲಾಯಿಸಿದ್ದು ಸಾರ್?"

"ಹೀಗೊಂದು ಇದೆ ಅಂತ ಈಗ ಗೊತ್ತಾಯ್ತಪ್ಪ."

ಮೆಕ್ಯಾನಿಕ್ ನಗುತ್ತ ಹೊಸ ಫಿಲ್ಟರ್ ತರಲು ಒಳಗೆ ಹೋದ. ಮಾವ, ಅಳಿಯ ಇಬ್ಬರೂ ಗ್ಯಾರೇಜಿನ ಬೆಂಚಿನ ಮೇಲೆ ಕೂತರು. ಸಾಹೇಬರು ಕ್ಷಮೆ ಕೇಳಬೇಕೆಂದು ಮಾತು ಹೊಂದಿಸುತ್ತಿದ್ದರು. ಮ್ಯಾನೇಜರಿಗೂ ನಾಳೆ ಹೋಗಿ ಹೇಳಬೇಕು, ಪೆಟ್ಟಿಗೆ ವಾಪಸು ಕೊಡಬೇಕು, ಹೆಂಡತಿಯ ಕಾಲು ಹಿಡಿಯಬೇಕು. ಇಷ್ಟರ ನಡುವೆ ಅವರಿಗೊಂದು ಸಣ್ಣ ಆಶ್ಚರ್ಯವೂ ಎದ್ದಿತು.

"ಮಾವ, ನಿಮಗೆ ಆ ವಾಸನೆ ಬರ್ತಿರ್ಲಿಲ್ವಾ?"

"ಬರ್ತಿತ್ತಲ್ಲ. ಮೊದಲ ದಿನವೇ ಬಂತು."

"ಮತ್ತೆ ಹೇಳಲೇ ಇಲ್ಲ?"

ಮಾವ ಕೋಲಿನ ಹಿಡಿಯನ್ನು ಸವರಿದರು. "ನಿಮ್ಮದು ಅಂದ್ಕೊಂಡಿದ್ದೆ."

"ನಂದಾ? ಮಗಳ ಹತ್ರಾನಾದ್ರೂ..."

"ಹೇಳೋ ಮಾತಾ ಅದು? ಅಳಿಯನ ಬಗ್ಗೆ ಹಾಗೆಲ್ಲ ಮಾತಾಡ್ತಾರಾ?" ಮಾವ ಕೋಲನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಸೋಪಿನ ಪೆಟ್ಟಿಗೆ ಬಂತಲ್ಲ, ಆಗ ನನ್ನದೇ ಅಂತ ಖಾತ್ರಿ ಆಯ್ತು. ಸುಳ್ಳು ಯಾಕೆ ಹೇಳ್ಲಿ, ಮನಸ್ಸಿಗೆ ಒಂದು ಸಮಾಧಾನಾನೂ ಆಯ್ತು. ನನ್ನದಾದ್ರೆ ನಾನು ಹೊರಟು ಹೋದ್ರೆ ಮುಗೀತು. ನಿಮ್ಮದಾದ್ರೆ ನನ್ನ ಮಗಳು ಜೀವನಪೂರ್ತಿ ಸಹಿಸಬೇಕಲ್ಲ ಅಂತ ಚಿಂತೆ ಹತ್ತಿತ್ತು."

ಮೆಕ್ಯಾನಿಕ್ ಕಾರಿನಿಂದ ತಲೆ ಹೊರಹಾಕಿ, "ಸಾರ್, ಬಂದು ಮೂಸಿ ನೋಡಿ. ಹೋಗಿದೆಯಾ ಹೇಳಿ" ಎಂದು ಕರೆದ.

ಸಾಹೇಬರು ಏಳಲಿಲ್ಲ. ತಲೆ ತಗ್ಗಿಸಿ ತಮ್ಮ ಕಾಲುಗಳನ್ನೇ ನೋಡುತ್ತ, "ಮಾವ, ನೀವೇ ನೋಡಿ ಹೇಳಿ" ಎಂದರು. ಮಾವ ಅಳಿಯನ ಹೆಗಲ ಮೇಲೆ ಭಾರ ಹಾಕಿ ಎದ್ದು, ಕೋಲೂರಿಕೊಂಡು ಕಾರಿನ ಕಡೆ ಕುಂಟುತ್ತ ಹೋದರು.